ಕೋಲಿಲ್ಲದೆ ಕ್ಲಾಸ್ ಹಿಡಿಯುವುದು ಹೇಗೆ? ಹೊಸ ಶಿಕ್ಷಕರಿಗೆ ಹಂತ ಹಂತವಾಗಿ

ಪ್ರತಿ ಜೂನ್‌ನಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದವರು, ಅತಿಥಿ ಶಿಕ್ಷಕರು, ಬಿ.ಇಡಿ ಮುಗಿಸಿ ಈಗಷ್ಟೇ ಚಾಕ್‌ಪೀಸ್ ಹಿಡಿದವರು ಕೇಳುವುದು ಇದೊಂದೇ: “ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ. ಮತ್ತೆ ಕ್ಲಾಸ್ ಕಂಟ್ರೋಲ್ ಮಾಡೋದು ಹೇಗೆ?” ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಕಣ್ಮುಂದೆ ಇಟ್ಟುಕೊಂಡಿರುವುದು ನಮ್ಮ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ 6ರಿಂದ 10ನೇ ತರಗತಿ. ಒಂದು ಕೊಠಡಿ, ಐವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್. 1ರಿಂದ 3ರವರೆಗಿನ ನಲಿ-ಕಲಿ ತರಗತಿಗಳ ರೀತಿಯೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಅನ್ನುತ್ತಿದ್ದ ಕಾಲದಲ್ಲೂ ಕೋಲು ಹಿಡಿದ ಎಲ್ಲರ ಕ್ಲಾಸೂ ಸುಮ್ಮನಿರುತ್ತಿರಲಿಲ್ಲ. ನೀವು ಓದಿದ ಶಾಲೆಯನ್ನೇ ನೆನಪಿಸಿಕೊಳ್ಳಿ. ದಿನಾ ಹೊಡೆಯುತ್ತಿದ್ದ ಮೇಷ್ಟ್ರ ಕ್ಲಾಸಿನಲ್ಲಿ ದಿನಾ ಗಲಾಟೆ. ಇನ್ನೊಬ್ಬರು ಕೈ ಎತ್ತಿದ್ದನ್ನು ಯಾರೂ ನೋಡಿಲ್ಲ, ಆದರೆ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಎಲ್ಲರೂ ಪುಸ್ತಕ ತೆಗೆಯುತ್ತಿದ್ದರು. ಅಲ್ವಾ? ಅವರು ಹೇಳುತ್ತಿದ್ದದ್ದು ಕಡಿಮೆ, ಹೇಳಿದ್ದನ್ನು ಮಾತ್ರ ಬಿಡುತ್ತಿರಲಿಲ್ಲ. ಕೆಳಗಿರುವ ಹಂತಗಳೆಲ್ಲ ಅದನ್ನು ಕಲಿಯುವುದಕ್ಕೇ.

ಕಾನೂನು ಏನು ಹೇಳುತ್ತದೆ

ಇದು ಸರಿಯಾಗಿ ಗೊತ್ತಿರಬೇಕು. ಸ್ಟಾಫ್ ರೂಮಿನಲ್ಲಿ ಕೇಳಿಬರುವ ಅರ್ಧಂಬರ್ಧ ಮಾತು ನಂಬಬೇಡಿ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಂ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಕೊಟ್ಟರೆ ಸೇವಾ ನಿಯಮದಡಿ ಶಿಸ್ತು ಕ್ರಮ. ಜನ ‘ಹೊಡೆಯಬಾರದು’ ಅನ್ನುವ ಅರ್ಧವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಎಲ್ಲರೆದುರು ‘ದಡ್ಡ ಮುಂಡೇದು’ ಅನ್ನುವುದು ಇನ್ನೊಂದು ಅರ್ಧಕ್ಕೆ ಸೇರುತ್ತದೆ.

ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹಾಗಂತ 9, 10ನೇ ತರಗತಿಯವರನ್ನು ಹೊಡೆಯಬಹುದು ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆ 18 ವರ್ಷ ತುಂಬದ ಎಲ್ಲರಿಗೂ ಅನ್ವಯ. ಮಗುವಿನ ಹೊಣೆ ಹೊತ್ತವರೇ ಹಲ್ಲೆ ಮಾಡಿ, ಮಗುವಿಗೆ ಅನಗತ್ಯವಾಗಿ ಮೈನೋವು ಅಥವಾ ಮನನೋವು ಆಗುವಂತಾದರೆ, ಅದರ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಬೈಗುಳದಲ್ಲಿ ಜಾತಿ ಬಂದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರಬಹುದು.

ಬಸ್ಕಿ ಹೊಡೆಸುವುದು, ಮಂಡಿಯೂರಿಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಶಿಕ್ಷೆ ಅಂತ ಶೌಚಾಲಯ ತೊಳೆಸುವುದು, ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. “ಮುಟ್ಟೇ ಇಲ್ಲ, ಸುಮ್ನೆ ನಿಲ್ಲಿಸಿದ್ದೆ” ಅನ್ನುವ ಸಮಜಾಯಿಷಿ ನಡೆಯುವುದಿಲ್ಲ.

ಇನ್ನೊಂದು ಗುಂಡಿ ಇದೆ, ಎಚ್ಚರ. ಅಪ್ಪ-ಅಮ್ಮನೇ ಬಂದು “ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದ್ರೂ ನಾಲ್ಕು ಬಿಡಿ ಸಾರ್, ನಾವು ಕೇಳಲ್ಲ” ಅನ್ನುತ್ತಾರೆ. ಅವರು ಕೊಟ್ಟ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಏಟು ಬಿದ್ದು ಕಿವಿ ತಮಟೆಗೆ ಪೆಟ್ಟಾದ ದಿನ ಅದೇ ಅಪ್ಪ ಊರವರನ್ನು ಕರೆದುಕೊಂಡು ಬರುತ್ತಾರೆ. ಬರಬೇಕಾದದ್ದೇ.

ಶುರು ಮಾಡುವ ಮುಂಚೆ ಬೇಕಾದವು

ಹಾಜರಿ ಪುಸ್ತಕದಿಂದ ಬರೆದುಕೊಂಡ ಹೆಸರು ಪಟ್ಟಿ. ಯಾರು ಎಲ್ಲಿ ಕೂರುತ್ತಾರೆ ಅನ್ನುವ ಒಂದು ಹಾಳೆ ನಕ್ಷೆ. ಜೇಬಿಗೆ ಹಿಡಿಸುವ ಸಣ್ಣ ನೋಟ್‌ಬುಕ್. ಹತ್ತು ನಿಮಿಷಕ್ಕೆ ಆಗುವಷ್ಟು ಹೆಚ್ಚುವರಿ ಕೆಲಸ ಇಟ್ಟುಕೊಂಡ ಪಾಠ. ಕೊನೆಯದು ಮುಖ್ಯ. ಪಾಠ ಬೇಗ ಮುಗಿದು ಬೆಲ್ ಆಗಲು ಹತ್ತು ನಿಮಿಷ ಉಳಿಯಿತು ಅನ್ನಿ, ಗಲಾಟೆ ಹುಟ್ಟುವುದೇ ಆ ಹತ್ತು ನಿಮಿಷದಲ್ಲಿ.

1. ಮುಖ್ಯ ಶಿಕ್ಷಕರ ಜೊತೆ ಮಾತಾಡಿ

ಎರಡು ವಿಷಯ ಕೇಳಿ. ನನ್ನ ಕೈ ಮೀರಿದ ಹುಡುಗನನ್ನು ಯಾರ ಹತ್ತಿರ ಕಳಿಸಬೇಕು? ಪೋಷಕರನ್ನು ಕರೆಸುವುದು ನಾನೋ, ಕ್ಲಾಸ್ ಟೀಚರೋ? ಇದು ಗೊತ್ತಿಲ್ಲದೆ ಕ್ಲಾಸಿನಲ್ಲಿ “ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ” ಅಂದುಬಿಟ್ಟರೆ, ಅಪ್ಪ ಬಂದಾಗ ನೀವು ಬೇರೆ ಕ್ಲಾಸಿನಲ್ಲಿರುತ್ತೀರಿ.

ಅತಿಥಿ ಶಿಕ್ಷಕರಿಗೆ ಇಲ್ಲಿ ಒಂದು ಕೆಲಸ ಜಾಸ್ತಿ. ‘ಇವರು ಪರ್ಮನೆಂಟ್ ಅಲ್ಲ’ ಅನ್ನುವುದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಹೇಗೆ ಗೊತ್ತಾಗುತ್ತದೋ, ಗೊತ್ತಾಗುತ್ತದೆ. ಪ್ರಾರ್ಥನೆ ಸಮಯದಲ್ಲಿ ಎಲ್ಲರೆದುರು ನಿಮ್ಮ ಹೆಸರು, ವಿಷಯ ಹೇಳಿ ಪರಿಚಯ ಮಾಡಿಕೊಡಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ನಾಚಿಕೆ ಬೇಡ. ‘ಗೆಸ್ಟ್ ಟೀಚರ್’ ಅನ್ನುವ ಮಾತು ಅಲ್ಲಿ ಬರಬೇಕಾಗಿಲ್ಲ, ‘ಗಣಿತದ ಮೇಡಂ’ ಅಂದರೆ ಸಾಕು.

2. ಹೆಸರು ಕಲಿಯಿರಿ, ಜಾಗ ನೀವೇ ಹೇಳಿ

ಮೊದಲ ವಾರದ ದೊಡ್ಡ ಕೆಲಸ ಇದು. “ಏಯ್, ನೀಲಿ ಬ್ಯಾಗ್” ಅಂತ ಕರೆದಾಗ ಮೂವರು ತಿರುಗುತ್ತಾರೆ, ಬೇಕಾದವನು ತಿರುಗುವುದಿಲ್ಲ. ನಕ್ಷೆ ಕೈಯಲ್ಲಿ ಹಿಡಿದು ಹೆಸರಿಂದಲೇ ಕರೆಯಿರಿ. ಗಲಾಟೆ ಮಾಡುವವರ ಹೆಸರು ತಾನಾಗೇ ಬರುತ್ತದೆ. ಕಷ್ಟಪಟ್ಟು ಕಲಿಯಬೇಕಾದ್ದು ನಡುವಿನ ಬೆಂಚಿನ ಸುಮ್ಮನಿರುವ ಮಕ್ಕಳ ಹೆಸರು.

ಜಾಗ ಬದಲಿಸುವಾಗ ‘ಗಲಾಟೆ ಗ್ಯಾಂಗ್’ ಒಡೆಯುತ್ತಿದ್ದೀನಿ ಅಂತ ತೋರಿಸಿಕೊಳ್ಳಬೇಡಿ. ಇಡೀ ಕ್ಲಾಸಿಗೆ ಒಟ್ಟಿಗೆ ಬದಲಿಸಿ. ಬೋರ್ಡ್ ಕಾಣುತ್ತಾ ಅಂತ ಪ್ರತಿಯೊಬ್ಬರನ್ನೂ ಕೇಳಿ. ಪಕ್ಕದವನ ನೋಟ್ಸ್ ನೋಡಿ ಬರೆಯುವ ಹುಡುಗಿ ಮಾತಾಡುತ್ತಿರುವುದು ಎಷ್ಟೋ ಸಲ “ಅದೇನು ಬರ್ದಿರೋದು?” ಅಂತ ಅಷ್ಟೇ. ಅವಳಿಗೆ ಬೇಕಾದದ್ದು ಕನ್ನಡಕ.

3. ನಿಯಮ ನಾಲ್ಕಕ್ಕಿಂತ ಜಾಸ್ತಿ ಬೇಡ

ಹದಿನೈದು ನಿಯಮದ ಚಾರ್ಟ್ ಬರೆಸಿ ಗೋಡೆಗೆ ಅಂಟಿಸುವವರಿದ್ದಾರೆ. ಜುಲೈ ಹೊತ್ತಿಗೆ ಅದು ಗೋಡೆಯ ಬಣ್ಣದ ಜೊತೆ ಸೇರಿಹೋಗಿರುತ್ತದೆ. ನಾಲ್ಕು ಸಾಕು: ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಬೆಲ್ ಆದ ತಕ್ಷಣ ಜಾಗದಲ್ಲಿರಬೇಕು. ಯಾರ ಮೈಗೂ, ಸಾಮಾನಿಗೂ ಕೈ ಹಾಕಬಾರದು. ಯಾರನ್ನೂ ಅಡ್ಡ ಹೆಸರಲ್ಲಿ ಕರೆಯಬಾರದು.

ಕೊನೆಯದು ನಿಮಗೂ ಅನ್ವಯ ಅಂತ ಬಾಯಿಬಿಟ್ಟು ಹೇಳಿ. ಮಕ್ಕಳು ನಗುತ್ತಾರೆ, ಆದರೆ ನೆನಪಿಟ್ಟುಕೊಳ್ಳುತ್ತಾರೆ.

4. ಮೊದಲ ಎರಡು ನಿಮಿಷ ನಿಮ್ಮದಾಗಲಿ

ಬಿಸಿಯೂಟ ಆದ ಮೇಲಿನ ಪೀರಿಯಡ್ ನೋಡಿ. ತಟ್ಟೆ ತೊಳೆದು ಬಂದವರ ಕೈ ಇನ್ನೂ ಒದ್ದೆ. ಅರ್ಧ ಜನ ತಟ್ಟೆಯನ್ನು ಬ್ಯಾಗಿಗೆ ತುರುಕುತ್ತಿರುತ್ತಾರೆ. ಇಬ್ಬರು ಓಡಿ ಬಂದ ಏದುಸಿರಲ್ಲಿ ಕಬಡ್ಡಿ ಜಗಳ ಮುಂದುವರಿಸಿರುತ್ತಾರೆ. ನೀವು ಒಳಗೆ ಬಂದು “ಸೈಲೆನ್ಸ್! ಸೈಲೆನ್ಸ್!” ಅಂತ ಮೇಜು ಕುಟ್ಟಿದರೆ, ಗದ್ದಲಕ್ಕೆ ನಿಮ್ಮದೂ ಒಂದು ದನಿ ಸೇರಿತು, ಅಷ್ಟೇ.

ಬದಲಿಗೆ ಹೀಗೆ ಮಾಡಿ. ಬಾಗಿಲಲ್ಲಿ ನಿಂತುಕೊಳ್ಳಿ. ಒಳಗೆ ಬರುವವರ ಮುಖ ನೋಡಿ, ಒಬ್ಬಿಬ್ಬರನ್ನು ಮಾತಾಡಿಸಿ. ಜಗಳದವರು ಯಾರು ಅನ್ನುವುದು ಅಲ್ಲೇ ತಿಳಿಯುತ್ತದೆ. ಮಾತಾಡದೆ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯಿರಿ. ನಿನ್ನೆಯ ಪಾಠದ್ದು, ಎಲ್ಲರಿಗೂ ಬರುವಂಥದ್ದು. ಮಕ್ಕಳು ಉತ್ತರ ಬರೆಯುವಾಗ ಹಾಜರಿ ತೆಗೆದುಕೊಳ್ಳಿ. ಪ್ರತಿದಿನ ಇದೇ ಕ್ರಮ. ಎರಡು ವಾರ ಬಿಡದೆ ಮಾಡಿದರೆ, ನೀವು ಬರುವ ಮುಂಚೆಯೇ ನೋಟ್‌ಬುಕ್ ತೆಗೆಯುವವರು ಹುಟ್ಟಿಕೊಳ್ಳುತ್ತಾರೆ.

ಎಲ್ಲರೂ ಎಡವುವುದು ಇಲ್ಲೇ. ಸದ್ದು ಪೂರ್ತಿ ನಿಲ್ಲುವ ಮೊದಲೇ ಪಾಠ ಶುರು ಮಾಡುತ್ತಾರೆ. ಒಮ್ಮೆ ಹಾಗೆ ಮಾಡಿದರೆ, ‘ನಾವು ಮಾತಾಡ್ತಾ ಇದ್ರೂ ಸಾರ್ ಪಾಠ ಮಾಡ್ತಾರೆ’ ಅಂತ ನೀವೇ ಹೇಳಿಕೊಟ್ಟ ಹಾಗೆ. ಕಾಯಿರಿ. ಕೈಕಟ್ಟಿ, ಮುಖ ಗಂಟಿಕ್ಕದೆ, ಸುಮ್ಮನೆ ನಿಂತು ಕಾಯಿರಿ.

5. ಸಣ್ಣ ಗಲಾಟೆಯನ್ನು ಸಣ್ಣದಾಗಿಯೇ ಮುಗಿಸಿ

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳನ್ನು ವಿಡಿಯೊ ಮಾಡಿಸಿ ವರ್ಷಗಟ್ಟಲೆ ನೋಡಿದರು. 1970ರಲ್ಲಿ ಅವರು ಹೇಳಿದ್ದು ಇದು: ಗಲಾಟೆ ಆದ ಮೇಲೆ ಒಳ್ಳೆಯ ಶಿಕ್ಷಕರು ಬೈಯುವ ರೀತಿಗೂ ಕ್ಲಾಸ್ ಹಿಡಿಯಲಾಗದವರು ಬೈಯುವ ರೀತಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಗಲಾಟೆ ಆಗುವ ಮುಂಚೆ. ಒಳ್ಳೆಯವರಿಗೆ ಕೋಣೆಯ ಮೂಲೆ ಮೂಲೆಯಲ್ಲಿ ಏನಾಗುತ್ತಿದೆ ಅನ್ನುವುದು ಗೊತ್ತಿರುತ್ತದೆ, ಗೊತ್ತಿದೆ ಅನ್ನುವುದು ಮಕ್ಕಳಿಗೂ ಗೊತ್ತಿರುತ್ತದೆ. ಪಾಠ ನಿಲ್ಲಿಸದೆಯೇ ಇನ್ನೊಂದನ್ನೂ ಸಂಭಾಳಿಸುತ್ತಾರೆ.

ಇದನ್ನು ಕಲಿಯಬಹುದು. ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳಿಗೆ ಪೂರ್ತಿ ಬೆನ್ನು ತಿರುಗಿಸಬೇಡಿ, ಓರೆಯಾಗಿ ನಿಂತು ಬರೆಯಿರಿ. ಕುರ್ಚಿ ಬಿಟ್ಟು ಓಡಾಡಿ, ಹಿಂದಿನ ಬೆಂಚಿನವರೆಗೂ. ಮಾತು ಕೇಳಿಸಿದಾಗ ಈ ಮೆಟ್ಟಿಲು ಬಳಸಿ:

ಮೊದಲು ನೋಟ. ಪಾಠ ಹೇಳುತ್ತಲೇ ಆ ಕಡೆ ಎರಡು ಕ್ಷಣ ಜಾಸ್ತಿ ನೋಡಿ.

ನಿಲ್ಲಲಿಲ್ಲವಾ, ಓದುತ್ತಲೇ ಅವರ ಬೆಂಚಿನ ಪಕ್ಕ ಹೋಗಿ ನಿಂತುಕೊಳ್ಳಿ. ಏನೂ ಹೇಳಬೇಡಿ. ಪುಸ್ತಕದಲ್ಲಿ ಎಲ್ಲಿದ್ದೇವೆ ಅಂತ ಬೆರಳಿಟ್ಟು ತೋರಿಸಿ.

ಆಗಲೂ ಇಲ್ಲವಾ, ವಾಕ್ಯದ ನಡುವೆ ಹೆಸರು ಸೇರಿಸಿ: “ಈಗ ಈ ತ್ರಿಕೋನದ ಎರಡನೇ ಬಾಹು, ಮಂಜು, ಎಷ್ಟಿದೆ ನೋಡು.”

ಕೊನೆಗೆ, ಹತ್ತಿರ ಬಗ್ಗಿ, ಅವನಿಗೆ ಮಾತ್ರ ಕೇಳುವ ಹಾಗೆ ಒಂದೇ ವಾಕ್ಯ: “ಇನ್ನೊಂದು ಸಲ ಆದ್ರೆ ಜಾಗ ಬದಲಿಸ್ತೀನಿ.” ಇನ್ನೊಂದು ಸಲ ಆದರೆ ಬದಲಿಸಿ. ಆಗದಿದ್ದರೆ ಮರೆತುಬಿಡಿ.

ಹತ್ತರಲ್ಲಿ ಏಳೆಂಟು ಗಲಾಟೆ ಎರಡನೇ ಮೆಟ್ಟಿಲು ದಾಟುವುದಿಲ್ಲ ಅನ್ನುವುದು ನನ್ನ ಅಂದಾಜು. ಆದರೆ ಹೊಸಬರು ನೇರ ಐದನೇ ಮೆಟ್ಟಿಲಿಗೆ ಹಾರುತ್ತಾರೆ, ಅಂದರೆ ಕಿರುಚಾಟಕ್ಕೆ.

ತಡವಾಗಿ ಬರುವವರ ವಿಷಯ. ಬಾಗಿಲಲ್ಲೇ ನಿಲ್ಲಿಸಿ “ಯಾಕೋ ಲೇಟು?” ಅಂತ ಕೇಳಿದರೆ ನಾಟಕ ಶುರು. “ಎಮ್ಮೆ ತಪ್ಪಿಸ್ಕೊಂಡಿತ್ತು ಸಾರ್” ಅಂತಾನೆ, ಐವತ್ತು ಜನ ನಗುತ್ತಾರೆ, ನಿಮ್ಮ ಐದು ನಿಮಿಷ ಹೋಯಿತು. ಎಮ್ಮೆ ನಿಜವಾಗಿಯೂ ತಪ್ಪಿಸಿಕೊಂಡಿರಬಹುದು, ಅದು ಬೇರೆ. “ಬಾ, ಕೂತ್ಕೋ. ಬೋರ್ಡ್ ಮೇಲಿರೋದು ಬರ್ಕೋ. ಬೆಲ್ ಆದ್ಮೇಲೆ ಸಿಗು.” ಇಷ್ಟೇ. ವಿಚಾರಣೆ ಆಮೇಲೆ.

ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೀರಿ ಅನ್ನುವುದೂ ಶಿಸ್ತಿಗೆ ಸೇರಿದ್ದೇ. ಮೇರಿ ಬಡ್ ರೋ ಎಂಬ ಸಂಶೋಧಕಿ ಕಂಡುಕೊಂಡಂತೆ, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿಬಿಡುವ ಮಕ್ಕಳೂ ಹೆಚ್ಚುತ್ತಾರೆ. ಮುಂದಿನ ಬೆಂಚಿನ ನಾಲ್ವರಷ್ಟೇ ಉತ್ತರ ಹೇಳುವ ಕ್ಲಾಸಿನಲ್ಲಿ ಉಳಿದವರಿಗೆ ಕೆಲಸವಿಲ್ಲ. ಕೆಲಸವಿಲ್ಲದವರು ಮಾತಾಡದೆ ಇನ್ನೇನು ಮಾಡಬೇಕು?

6. ಎದುರು ಮಾತಾಡಿದಾಗ

9ನೇ ತರಗತಿಯ ಹುಡುಗ. ನೀವು “ಬುಕ್ ತೆಗಿ” ಅಂದಿರಿ. ಅವನು “ತೆಗಿಯಲ್ಲ, ಏನ್ ಮಾಡ್ತೀರ?” ಅಂದ. ಇಡೀ ಕ್ಲಾಸ್ ನಿಮ್ಮನ್ನೇ ನೋಡುತ್ತಿದೆ. ಕೈ ನಡುಗುವುದು ಸಹಜ.

ಈ ಹೊತ್ತಲ್ಲಿ ನೆನಪಿಡಬೇಕಾದ್ದು: ಅವನು ಮಾತಾಡುತ್ತಿರುವುದು ನಿಮ್ಮ ಜೊತೆಗಲ್ಲ, ಹಿಂದೆ ಕೂತ ಗೆಳೆಯರ ಜೊತೆ. ನೋಡುವವರು ಇರುವ ತನಕ ಅವನು ಸೋಲಲಾರ. ದನಿ ಏರಿಸಬೇಡಿ, ಇಳಿಸಿ. “ಎರಡು ನಿಮಿಷ ತಗೋ. ಆ ಕಡೆ ನೋಟ್ಸ್ ನೋಡ್ಕೊಂಡು ಬರ್ತೀನಿ, ಅಷ್ಟರಲ್ಲಿ ತೆಗೆದಿಡು.” ಹೇಳಿ, ನಿಜವಾಗಿಯೂ ಆ ಕಡೆ ಹೋಗಿ. ತಿರುಗಿ ತಿರುಗಿ ನೋಡಬೇಡಿ. ತುಂಬಾ ಸಲ ನೀವು ವಾಪಸ್ ಬರುವಷ್ಟರಲ್ಲಿ ಪುಸ್ತಕ ತೆಗೆದಿರುತ್ತಾನೆ. ಗೊಣಗುತ್ತಾ ತೆಗೆದಿರುತ್ತಾನೆ. ಗೊಣಗಾಟ ಕೇಳಿಸಿಕೊಳ್ಳಬೇಡಿ.

ತೆಗೆಯದೇ ಇದ್ದರೆ “ಬೆಲ್ ಆದ್ಮೇಲೆ ಸ್ಟಾಫ್ ರೂಮ್ ಹತ್ರ ಮಾತಾಡೋಣ” ಅನ್ನಿ, ಪಾಠ ಮುಂದುವರಿಸಿ. ಬೆಲ್ ಆದ ಮೇಲೆ ಮಾತಾಡಲೇಬೇಕು. ಟೀ ತಣ್ಣಗಾದರೂ ಪರವಾಗಿಲ್ಲ.

ಒಬ್ಬನೇ ಸಿಕ್ಕಾಗ ಭಾಷಣ ಬೇಡ. “ಏನಾಯ್ತು? ಯಾರಿಗೆ ತೊಂದ್ರೆ ಆಯ್ತು? ಈಗ ಹೇಗೆ ಸರಿ ಮಾಡ್ತೀಯ?” ಈ ಮೂರು ಕೇಳಿ, ಉತ್ತರಕ್ಕೆ ಕಾಯಿರಿ.

ನಾಲ್ಕನೆಯದಾಗಿ ಒಂದನ್ನು ಪರೀಕ್ಷಿಸಿ. ಪಠ್ಯಪುಸ್ತಕ ತೆರೆದು, ಬೇರೆ ಯಾರೂ ಇಲ್ಲದಾಗ, ನಾಲ್ಕು ಸಾಲು ಓದಿಸಿ. ಎಂಟು-ಒಂಬತ್ತನೇ ತರಗತಿಗೆ ಬಂದರೂ ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ‘ಬುಕ್ ತೆಗಿ’ ಅಂದರೆ ಅವನಿಗೆ ಕೇಳಿಸುವುದು ‘ಎಲ್ಲರೆದುರು ತಡವರಿಸು’ ಅಂತ. ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಅನ್ನಿಸಿಕೊಳ್ಳುವುದು ಮೇಲು ಅಂತ ಅವನು ಲೆಕ್ಕ ಹಾಕಿದ್ದಾನೆ. ಆ ಲೆಕ್ಕ ತಪ್ಪೇನಲ್ಲ. ಅವನಿಗೆ ಬೇಕಾದ್ದು ದಿನಕ್ಕೆ ಹದಿನೈದು ನಿಮಿಷದ ಓದು, ಶಿಕ್ಷೆ ಅಲ್ಲ. ಎಲ್ಲರೆದುರು ಓದಿಸುವ ಮುಂಚೆ ಯಾವ ಸಾಲು ಕೇಳುತ್ತೀರಿ ಅಂತ ಹಿಂದಿನ ದಿನವೇ ಹೇಳಿಡಿ.

7. ಪರಿಣಾಮ ಇರಲಿ, ಸೇಡು ಬೇಡ

ತಪ್ಪಿಗೆ ಏನೂ ಆಗುವುದಿಲ್ಲ ಅಂದರೆ ನಿಯಮಕ್ಕೆ ಅರ್ಥವಿಲ್ಲ. ಆದರೆ ಆಗುವುದು ತಪ್ಪಿಗೆ ಹೊಂದಬೇಕು. ಬೆಂಚಿನ ಮೇಲೆ ಗೀಚಿದವನು ಬೆಂಚು ಒರೆಸಲಿ. ಹಾಳೆ ಹರಿದು ರಾಕೆಟ್ ಬಿಟ್ಟವನು ಅದನ್ನು ಆರಿಸಲಿ. ಮನೆಗೆಲಸ ಮಾಡದವಳು ಆಟದ ಪೀರಿಯಡ್ ಬಿಟ್ಟು ಬೇರೆ ಬಿಡುವಿನಲ್ಲಿ ನಿಮ್ಮೆದುರು ಕೂತು ಮುಗಿಸಲಿ. ಆಟ ಕಿತ್ತುಕೊಳ್ಳಬೇಡಿ, ತುಂಬಾ ಮಕ್ಕಳು ಶಾಲೆಗೆ ಬರುವುದೇ ಅದಕ್ಕೆ.

ಇವನ್ನು ಮಾತ್ರ ಮಾಡಬೇಡಿ:

ಕ್ಲಾಸಿನಿಂದ ಹೊರಗೆ ಕಳಿಸುವುದು. ಆ ಪೀರಿಯಡ್‌ನಲ್ಲಿ ಮಗು ನಿಮ್ಮ ಜವಾಬ್ದಾರಿ. ಹೊರಗೆ ಹೋಗಿ ಕಾಂಪೌಂಡ್ ಹಾರಿದರೆ ಉತ್ತರ ಹೇಳಬೇಕಾದವರು ನೀವು. ಪಾಠ ಬೇಡ ಅನ್ನುವವನಿಗಂತೂ ಅದು ಬಹುಮಾನ.

ನೂರು ಸಲ ಇಂಪೋಸಿಷನ್. ಬರೆಯುವುದನ್ನೇ ಶಿಕ್ಷೆ ಮಾಡಿಬಿಟ್ಟರೆ, ನಾಳೆ ‘ಪ್ರಬಂಧ ಬರೀರಿ’ ಅಂತ ಯಾವ ಮುಖದಲ್ಲಿ ಹೇಳುತ್ತೀರಿ?

ಇಬ್ಬರ ತಪ್ಪಿಗೆ ಇಡೀ ಕ್ಲಾಸಿಗೆ ಶಿಕ್ಷೆ. ಉಳಿದ ನಲವತ್ತೆಂಟು ಜನ ನಿಮ್ಮ ಕಡೆ ಇದ್ದವರು. ಅವರನ್ನೂ ಕಳೆದುಕೊಳ್ಳುತ್ತೀರಿ.

ಲೀಡರ್ ಕೈಗೆ ಅಧಿಕಾರ. ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಅಂತ ಹೆಸರು ಬರೆಸಿ, ಪಕ್ಕದಲ್ಲಿ ಇಂಟು ಮಾರ್ಕ್ ಹಾಕಿಸುವ ಪದ್ಧತಿ ಇನ್ನೂ ಇದೆ. ನೀವು ಬರುವಷ್ಟರಲ್ಲಿ ಲೀಡರ್‌ನ ಗೆಳೆಯರ ಹೆಸರು ಅಳಿಸಿರುತ್ತದೆ, ಆಗದವರ ಹೆಸರಿಗೆ ನಾಲ್ಕು ಇಂಟು ಬಿದ್ದಿರುತ್ತದೆ. ಕೆಲವು ಕಡೆ ಕೋಲೂ ಕೊಡುತ್ತಾರೆ. ನೀವು ಹೊಡೆಯಬಾರದು ಅನ್ನುವ ಕಾನೂನನ್ನು ಹದಿಮೂರು ವರ್ಷದ ಮಗುವಿನ ಕೈಯಲ್ಲಿ ಮುರಿಸುವುದು ಇದು. ಲೀಡರ್ ಡಸ್ಟರ್ ತರಲಿ, ನೋಟ್‌ಬುಕ್ ಒಟ್ಟು ಮಾಡಲಿ. ಅಷ್ಟು ಸಾಕು.

ನಡೆಯದ ಬೆದರಿಕೆ. “ಟಿಸಿ ಕೊಟ್ಟು ಕಳಿಸ್ತೀನಿ” ಅನ್ನುವುದು ಸುಳ್ಳು. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಹೇಳುತ್ತದೆ. “ಇಂಟರ್ನಲ್ ಮಾರ್ಕ್ಸ್ ಕಟ್ ಮಾಡ್ತೀನಿ” ಅನ್ನುವುದು ಇನ್ನೂ ಕೆಟ್ಟದ್ದು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯ ಕೈಲಿರುವ ಆ ಅಂಕ ಕಲಿಕೆಗೆ ಕೊಡುವುದು, ನಡತೆಗೆ ಅಲ್ಲ.

8. ಪೋಷಕರನ್ನು ಮೊದಲ ಸಲ ಒಳ್ಳೆಯ ಮಾತಿಗೆ ಕರೆಯಿರಿ

ಶಾಲೆಯಿಂದ ಫೋನ್ ಬಂತು ಅಂದರೆ ಏನೋ ದೂರು ಅಂತಲೇ ಜನ ಹೆದರುತ್ತಾರೆ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಸಂಬಳವೂ ಇಲ್ಲ. ಹಾಗಾಗಿ ಕರೆಸುವ ಬದಲು ಸಂಜೆ ಒಂದು ಫೋನ್ ಮಾಡಿ. ಅದೂ ಮೊದಲ ಫೋನ್ ಒಳ್ಳೆಯ ಸುದ್ದಿಗೆ ಇರಲಿ: “ಅಮ್ಮ, ನಿಮ್ಮ ಹುಡುಗ ಇವತ್ತು ವಿಜ್ಞಾನದ ಪ್ರಯೋಗ ಚೆನ್ನಾಗಿ ಮಾಡಿದ.” ಮುಂದೊಂದು ದಿನ ದೂರು ಹೇಳಬೇಕಾಗಿ ಬಂದಾಗ ಅವರು ನಿಮ್ಮ ಮಾತು ಕೇಳುತ್ತಾರೆ.

ಬಂದವರನ್ನು ಕೂರಿಸಿ ಮಾತಾಡಿಸಿ. ಮಗುವಿನ ಎದುರು ಅವರನ್ನೂ, ಅವರೆದುರು ಮಗುವನ್ನೂ ಹಳಿಯಬೇಡಿ. ಹೆದರಿದ ಅಪ್ಪ ಅಲ್ಲೇ ಕೆನ್ನೆಗೆ ಬಾರಿಸುವುದುಂಟು. ಆಗ ತಡೆಯಬೇಕಾದವರು ನೀವು.

9. ನಿಮ್ಮ ಕೈ ಮೀರಿದ್ದು

ಕೆಲವನ್ನು ಶಿಸ್ತಿನ ವಿಷಯ ಅಂತ ನೀವೇ ಬಗೆಹರಿಸಲು ಹೋಗಬೇಡಿ. ಗಾಯವಾಗುವಂಥ ಹೊಡೆದಾಟ, ಗುಟ್ಕಾ ಅಥವಾ ಬೇರೆ ಅಮಲು ಪದಾರ್ಥ, ಚೂಪಾದ ವಸ್ತು, ಇವು ಕಂಡ ಕೂಡಲೇ ಮುಖ್ಯ ಶಿಕ್ಷಕರಿಗೆ ಹೇಳಿ. ಹಿಂದಿನಿಂದ ನಡೆದುಬರುತ್ತಿರುವ ಸಮಸ್ಯೆಯಾದರೆ ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಇಡಬಹುದು. ಮಗುವಿನ ಹೆಸರು ಊರೆಲ್ಲ ಹರಡದಂತೆ ನೋಡಿಕೊಳ್ಳಿ.

ಚೆನ್ನಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಮಂಕಾದರೆ, ಮುಟ್ಟಿದರೆ ಬೆಚ್ಚಿದರೆ, ಮನೆಗೆ ಹೋಗಲು ಹಿಂದೇಟು ಹಾಕಿದರೆ, ಗದರಬೇಡಿ, ಕೇಳಿಸಿಕೊಳ್ಳಿ. ಲೈಂಗಿಕ ಕಿರುಕುಳದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನಿನಲ್ಲಿ ಗೊತ್ತಿದ್ದೂ ಮುಚ್ಚಿಡುವುದೇ ಅಪರಾಧ. ‘ಶಾಲೆ ಹೆಸರು ಹಾಳಾಗುತ್ತೆ’ ಅನ್ನುವ ಮಾತಿಗೆ ಕಿವಿಗೊಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆ ನಂಬರ್ ಗೋಡೆಯ ಮೇಲೆ ಬರೆಸಿ.

ಜೇಬಿನ ನೋಟ್‌ಬುಕ್ ಕೆಲಸಕ್ಕೆ ಬರುವುದು ಇಲ್ಲಿ. ತಾರೀಕು, ಏನಾಯಿತು, ನೀವೇನು ಮಾಡಿದಿರಿ, ಯಾರಿಗೆ ಹೇಳಿದಿರಿ. ಮೂರು ಸಾಲು. ‘ತುಂಬಾ ಕೆಟ್ಟ ಹುಡುಗ’ ಅಂತ ಬರೆಯಬೇಡಿ, ‘ಪಕ್ಕದವನ ಪೆನ್ನು ಮುರಿದ’ ಅಂತ ಬರೆಯಿರಿ.

ಈಗಾಗಲೇ ಕ್ಲಾಸ್ ಕೈತಪ್ಪಿದ್ದರೆ

ಇದನ್ನೂ ತುಂಬಾ ಜನ ಕೇಳುತ್ತಾರೆ. ಸೆಪ್ಟೆಂಬರ್ ಬಂದಿದೆ, ಯಾರೂ ಮಾತು ಕೇಳುತ್ತಿಲ್ಲ, ಈಗ ಏನು ಮಾಡೋದು? ವಾರದ ನಡುವೆ ಇದ್ದಕ್ಕಿದ್ದಂತೆ ಕಟ್ಟುನಿಟ್ಟಾಗಬೇಡಿ, ಮಕ್ಕಳಿಗೆ ಅದು ತಮಾಷೆ. ದಸರಾ ರಜೆ ಮುಗಿದು ಬಂದ ಮೊದಲ ದಿನ ಹೊಸದಾಗಿ ಶುರು ಮಾಡಿ. ಇಡೀ ಕ್ಲಾಸಿನ ಜಾಗ ಬದಲಿಸಿ. ನಾಲ್ಕನೇ ಹಂತದ ಎರಡು ನಿಮಿಷ ಮತ್ತು ಒಂದೇ ಒಂದು ನಿಯಮ, ‘ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು’. ಆ ವಾರ ಬೇರೆ ಯಾವುದನ್ನೂ ಹಿಡಿಯಬೇಡಿ. ಸಮವಸ್ತ್ರ, ಉಗುರು, ಲೇಟು, ಎಲ್ಲ ಆಮೇಲೆ.

ಮೊದಲ ಮೂರು-ನಾಲ್ಕು ದಿನ ಗಲಾಟೆ ಮುಂಚಿಗಿಂತ ಜಾಸ್ತಿಯೇ ಆಗಬಹುದು. ಇದು ಎಷ್ಟು ದಿನ ನಡೆಯುತ್ತೆ ಅಂತ ಅವರು ನೋಡುತ್ತಿರುತ್ತಾರೆ. ಆಗ ಹೊಸ ನಿಯಮ ಸೇರಿಸಬೇಡಿ, ದನಿಯೂ ಏರಿಸಬೇಡಿ. ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯುವುದನ್ನು ಒಂದು ದಿನವೂ ತಪ್ಪಿಸಬೇಡಿ. ಎರಡನೇ ನಿಯಮ ಎರಡನೇ ವಾರಕ್ಕೆ.